ಸುಳಿ ನೋಡಿದೆವು, ಗೊರಸು ನೋಡಲಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುದುರೆ ಕೊಳ್ಳಲು ಹೋದ ದಿನ ನಾನು ಕುದುರೆಯನ್ನು ನೋಡಲಿಲ್ಲ. ಮಾರುವವನನ್ನು ನೋಡುತ್ತ ನಿಂತಿದ್ದೆ. ಅವನದು ಒಡಕು ಗಂಟಲು. ಎರಡು ಮಾತಿಗೊಮ್ಮೆ ಬಾರುಕೋಲಿನ ಹಿಡಿಯಿಂದ ತನ್ನ ತೊಡೆಗೇ ಬಡಿದುಕೊಂಡು "ಹಾಂ... ಥೈ!" ಎನ್ನುತ್ತಿದ್ದ. ಇಂಥ ಸರಕು ಎದುರಿಗೆ ನಿಂತರೆ ಮಿಮಿಕ್ರಿ ಮಾಡುವವನ ಕಣ್ಣು ಬೇರೆ ಕಡೆ ಹೊರಳುವುದಿಲ್ಲ. ಸಂಜೆ ಊರಿಗೆ ಮರಳುವ ಹೊತ್ತಿಗೆ ಅವನ ಗಂಟಲು ನನ್ನ ಗಂಟಲಲ್ಲಿ ಕೂತಾಗಿತ್ತು. ಆದರೆ ನಮ್ಮ ಹಿಂದೆ ಟೆಂಪೋದಲ್ಲಿ ನಿಂತಿದ್ದ ಕುದುರೆ ಎಡಗಾಲನ್ನು ಹೇಗೆ ಊರುತ್ತದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬೆಳವಣಕಿಯಲ್ಲಿ ನಮ್ಮದು ಮದುವೆಗೆ ಪೆಂಡಾಲು, ಮೈಕು ಬಾಡಿಗೆ ಕೊಡುವ ಕೆಲಸ. ಮೈಕು ಹಿಡಿಯುವವನು ನಾನೇ. ಊಟಕ್ಕೆ ಕರೆಯುವುದು, ಉಡುಗೊರೆ ಓದುವುದು, ನಡುನಡುವೆ ಬೀಗರ ಧ್ವನಿ ತೆಗೆದು ಬೀಗರನ್ನೇ ನಗಿಸುವುದು. ಈಗ ಎಲ್ಲ ಮದುವೆಯವರೂ ಮದುಮಗನಿಗೆ ಬಿಳಿ ಕುದುರೆ ಕೇಳುತ್ತಾರೆ. ಹೊರಗಿನಿಂದ ತರಿಸಿ ತರಿಸಿ ಸಾಕಾಗಿ, ನಮ್ಮದೇ ಒಂದು ಇರಲಿ ಎಂದು ಹಟ ಹಿಡಿದವನು ನಾನು. ಅವ್ವ "ನಿನ್ನ ಒಬ್ಬನ್ನ ಸಂಬಾಳಸೂದs ಸಾಕಾಗೈತಿ" ಎಂದಳು. ಕೇಳಲಿಲ್ಲ.

ಜೊತೆಗೆ ಬಂದವನು ನಮ್ಮ ಸೋದರಮಾವ. ನಲವತ್ತು ವರ್ಷ ಎತ್ತಿನ ಸುಳಿ ನೋಡಿದ ಮನುಷ್ಯ. ನಮ್ಮ ಕಡೆ ಮೈಮೇಲಿನ ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂದು ನೋಡದೆ ಯಾರೂ ದನ ಕಟ್ಟುವುದಿಲ್ಲ. ಕುದುರೆಗಂತೂ ಇನ್ನೂ ಕಟ್ಟುನಿಟ್ಟು. ಮಾಮಾ ಹಣೆ ನೋಡಿದ, ಕಿವಿಯ ಹಿಂದೆ ನೋಡಿದ, ಜೂಲು ಸರಿಸಿ ಕತ್ತು ನೋಡಿದ, ಮೊಣಕಾಲೂರಿ ಹೊಟ್ಟೆಯ ಕೆಳಗೂ ನೋಡಿದ. ಒಂದು ತಾಸು ಹಿಡಿಯಿತು.

"ಎದಿಗೆ ಜೋಡಿ ಸುಳಿ ಅದಾವು. ಜೀನಿನ ಪಟ್ಟಾ ಬಿಗಿಯೋ ಜಾಗಾದಾಗ ಕೆಟ್ಟ ಸುಳಿ ಒಂದೂ ಇಲ್ಲ. ಕಣ್ಣ ಮುಚ್ಚಿ ತಗೋ ಅಳಿಯಾ" ಎಂದ.

ಅಳಿಯ ಕಣ್ಣು ಮುಚ್ಚಿಯೇ ತೆಗೆದುಕೊಂಡ.

ಮಾರುವವನದು ರಾಜೂರು ದಾಟಿ ಹೋಗಬೇಕಾದ ಊರು. ಮನೆಯ ಮುಂದೆ ಕಲ್ಲು ಹಾಸಿದ ಓಣಿ ಇತ್ತು. ಮಾರುವವನು ಓಣಿ ಬಿಟ್ಟು, ಆಗಷ್ಟೇ ರಂಟೆ ಹೊಡೆದ ಹೊಲದಲ್ಲಿ ಕುದುರೆಯನ್ನು ಓಡಿಸಿದ. ಮೆತ್ತನೆಯ ಮಣ್ಣಿನಲ್ಲಿ ಅದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು. ಎರಡು ಹೆಜ್ಜೆ ಈಚೆ ಕಲ್ಲಿನ ಮೇಲೆ ಓಡಿಸು ಎನ್ನುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ನಾಲ್ಕೂ ಕಾಲಿಗೆ ಹೊಚ್ಚಹೊಸ ಲಾಳ, ಗೊರಸಿಗೆ ಮಿರಿಮಿರಿ ಕಪ್ಪು ಬಣ್ಣ. "ನಿನ್ನೆನ ಬಡಿಸೇನ್ರಿ ಕಾಕಾ, ನಿಮ್ಮ ಸಲುವಾಗಿ. ಹಾಂ... ಥೈ!" ಎಂದ. ನಮ್ಮ ಸಲುವಾಗಿಯೇ ಬಡಿಸಿದ್ದ, ಅದು ಮಾತ್ರ ಖರೆ.

ಹೆಸರು ಬಿಜಲಿ. ಮೊದಲ ಒಂದು ವಾರ ನಮ್ಮ ಮನೆಯ ಮುಂದೆ ಜನವೋ ಜನ. ಸಂಜೆಯಾದರೆ ಕುದುರೆ ನೋಡಲು ಬರುವವರಿಗೆ ನಾನು ವ್ಯಾಪಾರದ ಕಥೆಯನ್ನು ಪೂರ್ತಿ ಆಡಿ ತೋರಿಸುತ್ತಿದ್ದೆ. ಕುದುರೆಯ ಪಕ್ಕದಲ್ಲೇ ನಿಂತು, ಕೈಯಲ್ಲೊಂದು ಕೋಲು ಹಿಡಿದು, ಅದೇ ಗಂಟಲು, ತೊಡೆಗೆ ಅದೇ ಏಟು, ಅದೇ "ಹಾಂ... ಥೈ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಮೂರನೆಯ ಸಂಜೆ ಕುದುರೆ ಕಿವಿ ಹಿಂದಕ್ಕೆ ಒತ್ತಿ ಹಲ್ಲು ಕಿರಿಯಿತು. ನಾಲ್ಕನೆಯ ಸಂಜೆ ಗೂಟ ಕಿತ್ತಿತು. ಆಮೇಲೆ ಜೀನು ಹಾಕಲು ಹೋದ ಮಾಮಾನ ಭುಜಕ್ಕೆ ಬಾಯಿ ಹಾಕಿತು. ಅಂಗಿಯ ಜೊತೆ ಸ್ವಲ್ಪ ಮಾಮಾನೂ ಹರಿದ.

"ಇದಕ್ಕ ದೃಷ್ಟಿ ಆಗೇತಿ" ಎಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವು ಮೂವರೂ ಕೆಮ್ಮಿದೆವು. ಕುದುರೆ ಕೆಮ್ಮಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನೀರಿಗೆ ಬಿಟ್ಟಾಗ ಅದು ಮೂರು ಕಾಲಿನ ಮೇಲೆ ಬಂತು. ಮುಂದಿನ ಎಡಗಾಲಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸುತ್ತಿತ್ತು. ಮಾಮಾ ನೋಡಿದವನೇ "ಭುಜಾ ಹಿಡದೈತಿ. ಬರಿ ಹಾಕಿಸೂಣು" ಎಂದ. ಕಾದ ಕಬ್ಬಿಣದಿಂದ ಭುಜ ಸುಡುವುದು ಅವನಿಗೆ ಗೊತ್ತಿದ್ದ ಒಂದೇ ಚಿಕಿತ್ಸೆ. ಎತ್ತಿಗೂ ಅದೇ, ಎಮ್ಮೆಗೂ ಅದೇ. ನಾನು ಬೇಡವೆಂದೆ. ಅಂದೇ ಟೆಂಪೋ ಹಿಡಿದು ರೋಣದ ದನದ ದವಾಖಾನೆಗೆ ಒಯ್ದೆ.

ಡಾಕ್ಟರ್ ಮೇಡಂ ಮೊದಲು ಕುದುರೆಯ ಮೈ ಮುಟ್ಟಲೇ ಇಲ್ಲ. "ಕಲ್ಲಿನ ಮ್ಯಾಲ ನಡಸ್ರಿ" ಎಂದರು. ನಡೆಸಿದೆ.

"ತಲಿ ನೋಡ್ರಿ. ನೋಯೋ ಕಾಲು ನೆಲಕ್ಕ ಇಟ್ಟಾಗ ತಲಿ ಮ್ಯಾಲ ಎತ್ತತೈತಿ. ಎಡಗಾಲು."

"ನಮ್ಮ ಮಾಮಾ ಭುಜಾ ಅಂತಾನ್ರಿ ಮೇಡಂ."

"ನಿಮ್ಮ ಮಾಮಾಗ ಒಂದ ಮಾತು ಹೇಳ್ರಿ. ಕುದುರಿ ಕುಂಟಿದ್ರ ಮೊದಲ ಗೊರಸು ನೋಡಬೇಕು. ಅಲ್ಲೇನೂ ಇಲ್ಲಂದ್ರ ಇನ್ನೊಮ್ಮೆ ಗೊರಸು ನೋಡಬೇಕು. ಆಮ್ಯಾಲ ಭುಜಾ."

ಗೊರಸಿನ ಮೇಲೆ ನನ್ನ ಅಂಗೈ ಇಡಿಸಿದರು. ಉಳಿದ ಮೂರು ತಣ್ಣಗಿದ್ದವು. ಇದು ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಬಿಸಿ. ಗೊರಸಿನ ಮೇಲುಗಡೆ, ಗಿಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಟಕಟಕ ಬಡಿಯುತ್ತಿತ್ತು. ಉದ್ದ ಹಿಡಿಯ ಇಕ್ಕಳದಿಂದ ಗೊರಸನ್ನು ಸುತ್ತಲೂ ಒತ್ತುತ್ತ ಬಂದು ಒಂದು ಕಡೆ ಒತ್ತಿದಾಗ ಬಿಜಲಿ ನಾಲ್ಕು ಜನರನ್ನು ಎಳೆದುಕೊಂಡು ಹಿಂದೆ ಹೋಯಿತು. ಲಾಳದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಬಾಗಿದ ಸಣ್ಣ ಚೂರಿಯಿಂದ ಅಂಗಾಲು ಕೆರೆದು, ಅಲ್ಲೊಂದು ತೂತು ಮಾಡಿದರು. ಮಸಿಯಂಥ ಕಪ್ಪು ಕೀವು ಚಿಮ್ಮಿತು. ಆ ನಾತ ಎರಡು ದಿನ ನನ್ನ ಮೂಗಿನಲ್ಲೇ ವಾಸವಿತ್ತು.

ಧನುರ್ವಾಯುವಿಗೆ ಒಂದು ಇಂಜೆಕ್ಷನ್ ಕೊಟ್ಟು ನಿಯಮ ಹೇಳಿದರು. ದಿನಕ್ಕೆ ಎರಡು ಬಾರಿ ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ಅರ್ಧ ತಾಸು ಗೊರಸು ಅದ್ದಬೇಕು. ಒರೆಸಿ, ತೂತಿಗೆ ಔಷಧದ ಹತ್ತಿ ಒತ್ತಿ, ಕೆಸರು ತಾಗದಂತೆ ಕಟ್ಟಬೇಕು. ಮೂರು ವಾರ ಓಡಿಸಬಾರದು. "ಅಷ್ಟರಾಗ ಕುದುರಿಗೆ ಲಾಳಾ ಬಡಿಯೋ ಒಬ್ಬ ಚಲೋ ನಾಲಬಂದನ ಕಡೆ ನಾಲ್ಕೂ ಕಾಲು ತೋರಸ್ರಿ. ಈ ಲಾಳದ ಕೆಲಸ ನನಗ ಬರೋಬ್ಬರಿ ಅನಸವಲ್ದು" ಎಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಅವರ ಧ್ವನಿಯನ್ನು ಬಹಳ ಚೆನ್ನಾಗಿ ತೆಗೆದೆ, ಕೊನೆಯ ಮಾತನ್ನು ಮರೆತೆ.

ಹೇಳಿದಷ್ಟು ಸುಲಭವಿರಲಿಲ್ಲ. ಬಕೆಟ್ ಕಂಡರೆ ಒದೆಯುತ್ತಿತ್ತು. ನಾಲ್ಕು ಪ್ಲಾಸ್ಟಿಕ್ ಬಕೆಟ್ ಒಡೆದವು. ಕೊನೆಗೆ ಪೆಂಡಾಲಿನ ಗೋದಾಮಿನಲ್ಲಿದ್ದ ರಬ್ಬರ್ ಬುಟ್ಟಿ ಹುಡುಕಿ ತಂದೆ. ಗೊರಸಿಗೆ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ಬೂಟು ಹೊಲಿದೆ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಒಂದು ಕಾಲಿಗಾಗಿ ನಾನು, ಮಾಮಾ, ಒಂದು ಹಗ್ಗ, ಊರಿನಲ್ಲಿ ಕೇಳಿಬರುವ ಅಷ್ಟೂ ಬೈಗುಳ. ಸೊಂಟ ಬಾಗಿಸಿ ಬಾಗಿಸಿ ನಾನೇ ಕುಂಟತೊಡಗಿದೆ. ದವಾಖಾನೆಗೆ ಯಾರನ್ನು ಒಯ್ಯಬೇಕು ಎಂದು ಓಣಿಯವರು ಕೇಳುತ್ತಿದ್ದರು.

ಹನ್ನೆರಡು ದಿನಕ್ಕೆ ನಾಲ್ಕೂ ಕಾಲು ಊರಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನರಗುಂದದ ಕಾಳಿನ ವ್ಯಾಪಾರಿಯೊಬ್ಬರ ಮಗನ ಮದುವೆಗೆ ಪೆಂಡಾಲು, ಮೈಕು, ಕುದುರೆ ಮೂರನ್ನೂ ಒಪ್ಪಿಕೊಂಡುಬಿಟ್ಟಿದ್ದೆ. ಬಿಜಲಿಯ ಮೊದಲ ಮೆರವಣಿಗೆ ಅದೇ ಆಗಬೇಕು. ಬಿಚ್ಚಿದ ಲಾಳವನ್ನೇ ಎತ್ತಿಗೆ ಲಾಳ ಕಟ್ಟುವವನಿಂದ ಮತ್ತೆ ಬಡಿಸಿ, ಡಾಂಬರಿನ ಮೇಲೆ ಓಡಿಸಿ ನೋಡಿದೆ. ಹೋಗುವಾಗ ಕುದುರೆಯ ಹಾಗೆ ಹೋಯಿತು, ಬರುವಾಗ ಮೂರು ಕಾಲಿನ ಕುರ್ಚಿಯ ಹಾಗೆ ಬಂತು. ಮತ್ತೆ ಬಿಸಿ, ಮತ್ತೆ ನಾಡಿ, ಮತ್ತೆ ಅದೇ ನಾತ. ಮೇಡಂಗೆ ಫೋನ್ ಮಾಡಿದರೆ ಬೈಯಲೂ ಇಲ್ಲ. "ನಾಲಬಂದಗ ತೋರಿಸಿದ್ರೇನು?" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಗಜೇಂದ್ರಗಡದ ನಾಲಬಂದ ಚಾಚಾನಿಗೆ ಎಪ್ಪತ್ತು ದಾಟಿರಬೇಕು. ಅಪ್ಪ, ಅಜ್ಜ ಎಲ್ಲರೂ ಲಾಳ ಬಡಿದವರೇ. ಬಿಜಲಿಯ ಕಾಲನ್ನು ಎತ್ತಿ ತನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

"ಲಾಳಾ ಸಣ್ಣದು ಬೇಟಾ. ಕಾಲಿಗೆ ತಕ್ಕ ಲಾಳಾ ಮಾಡಬೇಕು. ಇವ ಲಾಳಕ್ಕ ತಕ್ಕಂಗ ಕಾಲು ಅರದಾನ."

ಅರದಿಂದ ಗೊರಸಿನ ಹೊರಗಿನ ಕಪ್ಪು ಬಣ್ಣ ಉಜ್ಜತೊಡಗಿದ. ಬಣ್ಣದ ಕೆಳಗೆ ಮೇಣ ಬಂತು. ಮೇಣಬತ್ತಿಯ ಮೇಣ, ಮಸಿ ಕಲಸಿ ತುಂಬಿದ್ದು. ಮೇಣ ಕೆದಕಿದರೆ ಕೆಳತುದಿಯಿಂದ ಅರ್ಧ ಗೊರಸಿನವರೆಗೆ ಏರಿದ ಹಳೆಯ ಬಿರುಕು. ನಡೆದಾಗಲೆಲ್ಲ ಅದು ತೆರೆದುಕೊಂಡು ಮಣ್ಣು ಒಳಗೆ ಸೇರುತ್ತಿತ್ತು. ಕೆಳಗಿನಿಂದ ನಾವು ಕೀವು ತೆಗೆದರೆ ಪಕ್ಕದಿಂದ ಅದು ಮತ್ತೆ ಹೊಲಸು ತುಂಬಿಕೊಳ್ಳುತ್ತಿತ್ತು. ಮಾಮಾ ಮುಖ ಆ ಕಡೆ ತಿರುಗಿಸಿದ. ಒಂದು ತಾಸು ಸುಳಿ ನೋಡಿದವನಿಗೆ ಒಂದು ಗಳಿಗೆ ಗೊರಸು ಕೆರೆದು ನೋಡಲು ಆಗಿರಲಿಲ್ಲ.

ಮುಖ ಸಪ್ಪಗೆ ಮಾಡಿಕೊಂಡಿದ್ದ ಎಲ್ಲರನ್ನೂ ನಗಿಸೋಣವೆಂದು ನಾನು ಬಾಯಿ ತೆರೆದೆ. "ಯಾರ ಕಡೆ ತಗೊಂಡಿ?" ಎಂದು ಚಾಚಾ ಕೇಳಿದ್ದೇ ನೆಪವಾಯಿತು. ತೊಡೆಗೆ ಏಟು ಹಾಕಿ, ಗಂಟಲು ಒಡೆದುಕೊಂಡು, "ನಿಮ್ಮ ಸಲುವಾಗಿ ಬಡಿಸೇನ್ರಿ ಕಾಕಾ. ಹಾಂ... ಥೈ!" ಎಂದೆ.

ಬಿಜಲಿ ಎದ್ದು ಹಿಂಗಾಲಿನ ಮೇಲೆ ನಿಂತಿತು. ಚಾಚಾ ಅಂಗಳದ ಆ ತುದಿಗೆ ಹೋಗಿ ಬಿದ್ದ. ನಾನು ಓಡಿಹೋಗಿ ಎತ್ತಿದರೆ ಧೂಳು ಕೊಡವಿಕೊಳ್ಳದೆ ಹಾಗೇ ಕೂತ.

"ನಿನಗ ಇನ್ನ ಯಾರ್‍ಯಾರ ದನಿ ಬರ್ತಾವು?"

"ಎಲ್ಲಾರದೂ ಬರ್ತಾವ್ರಿ ಚಾಚಾ."

"ಇಲ್ಲಿಂದನ ಮಾಡು. ಹತ್ತರ ಹೋಗಬ್ಯಾಡ."

ಬಸ್ ಕಂಡಕ್ಟರನ ಧ್ವನಿ ತೆಗೆದೆ. ಬಿಜಲಿ ಮೇವಿಗೆ ಬಾಯಿ ಹಾಕಿತು. ಡಾಕ್ಟರ್ ಮೇಡಂ ಧ್ವನಿ ತೆಗೆದೆ. ಮೇಯುತ್ತಲೇ ಇತ್ತು. ಚಾಚಾನ ಎದುರೇ ಚಾಚಾನ ಧ್ವನಿಯನ್ನೂ ತೆಗೆದೆ. ಅವನೂ ನಗಲಿಲ್ಲ, ಅದೂ ತಲೆ ಎತ್ತಲಿಲ್ಲ. "ಈಗ ಅವಂದು" ಎಂದ. ಮೆಲ್ಲಗೆ, ತೊಡೆಗೆ ಏಟಿಲ್ಲದೆ, ಬರೀ "ಹಾಂ... ಥೈ" ಎಂದೆ. ಅಷ್ಟು ದೂರದಲ್ಲಿದ್ದ ಕುದುರೆಯ ಬಾಯಿಯಿಂದ ಮೇವು ಉದುರಿತು. ಹೊಟ್ಟೆಯ ಪಕ್ಕದ ತೊಗಲು ನಡುಗುತ್ತಿತ್ತು.

"ಅಂವ ಥೈ ಅಂದಾಗೆಲ್ಲಾ ಏಟು ಬಿದ್ದಾವು ಇದಕ್ಕ. ಅಂವ ಅಲ್ಲೇ ಉಳದ. ಅಂವನ ದನಿ ನೀ ಮನಿತನಕಾ ಹೊತಗೊಂಡು ಬಂದಿ" ಎಂದ ಚಾಚಾ.

ಪ್ರತಿ ಸಂಜೆ. ಜನರ ನಡುವೆ. ಕೈಯಲ್ಲಿ ಕೋಲು ಹಿಡಿದು. ಕುದುರೆಗೆ ಹುಚ್ಚು, ದೃಷ್ಟಿ, ಗರ್ವ ಎಂದು ನಾವು ಏನೇನೋ ಹೆಸರಿಟ್ಟಿದ್ದೆವು. ನಾನು ಟೆಂಪೋದ ಹಲಗೆಯ ಮೇಲೆ ಕೂತೆ. ಆ ಹೊತ್ತಿಗೆ ಯಾರ ಧ್ವನಿಯೂ ನೆನಪಿಗೆ ಬರಲಿಲ್ಲ.

ಚಾಚಾ ಬಿರುಕನ್ನು ಕೊರೆದು ಸ್ವಚ್ಛಮಾಡಿದ. ಅದು ಮೇಲಕ್ಕೆ ಏರದಂತೆ ತುದಿಯಲ್ಲಿ ಅಡ್ಡಗೀರು ಕೊಟ್ಟ. ಕೀವು ಒಣಗಿದ ಮೇಲೆ ಅಗಲ ಲಾಳ ಮಾಡಿ ಬಡಿಯುತ್ತೇನೆ ಎಂದ. ಆದರೆ ವಾಸಿ ಮಾಡುವುದು ತಾನಲ್ಲ, ಗೊರಸೇ ಎಂದ. ಮೇಲಿನಿಂದ ಹೊಸದು ಬೆಳೆದು ಬರಬೇಕು, ಬಿರುಕು ಕೆಳಗೆ ಸರಿದು ಸರಿದು ಕತ್ತರಿಸಿ ಹೋಗಬೇಕು. ತಿಂಗಳಿಗೆ ಒಂದು ಬೆರಳಗಲವೂ ಬೆಳೆಯುವುದಿಲ್ಲ. ಐದಾರು ತಿಂಗಳು. "ಅಲ್ಲೀತನಕಾ ಇದರ ಮ್ಯಾಲ ಯಾರೂ ಕುಂಡ್ರಬಾರದು. ನೀ ಇದರ ಮುಂದ ಬಾಯಿ ತೆಗೀಬಾರದು."

ಎರಡನೆಯದು ಕಷ್ಟವಾಯಿತು. ಮತ್ತೆ ಬುಟ್ಟಿ, ಮತ್ತೆ ಬಿಸಿನೀರು, ಆದರೆ ಈ ಸಲ ಮಾತಿಲ್ಲದೆ. ಕೋಲು ಅಟ್ಟಕ್ಕೆ ಹೋಯಿತು. ಸಂಜೆ ಬಂದವರು "ಆ ಮಾರಿದಾವಂದು ಒಮ್ಮೆ ಮಾಡಲೇ" ಎಂದರೆ "ಗಂಟಲ ನೋವೈತಿ" ಎನ್ನುತ್ತಿದ್ದೆ. ಮೊದಲ ವಾರ ಏನೂ ಬದಲಾಗಲಿಲ್ಲ. ನನ್ನ ಹೆಜ್ಜೆ ಕೇಳಿದರೆ ಸಾಕು, ಕಿವಿ ಹಿಂದಕ್ಕೆ. ನನಗೆ ನಿದ್ದೆ ಸಾಲದು, ಸೊಂಟ ನೆಟ್ಟಗಾಗದು, ಅದಕ್ಕೆ ಕೃತಜ್ಞತೆ ಇಲ್ಲ. ನಿನಗೆ ಯಾಕೆ ಕೃತಜ್ಞತೆ ತೋರಿಸಲಿ ಎಂದು ಅದೇ ತಿರುಗಿ ಕೇಳಬಹುದಿತ್ತು.

ನರಗುಂದದ ಮದುವೆಗೆ ಇನ್ನು ನಾಲ್ಕೇ ದಿನ ಇತ್ತು. ಮಾಮಾ ಒಂದು ದಾರಿ ಹುಡುಕಿದ. "ನೋವಿನ ಇಂಜೆಕ್ಷನ್ ಕೊಡಸೂಣು. ಎರಡ ತಾಸಿನ ಮೆರವಣಿಗಿ. ಯಾರಿಗೆ ತಿಳೀತೈತಿ?" ಮೇಡಂಗೆ ಕೇಳಿದೆ. "ಕೊಟ್ರ ನಡೀತೈತ್ರಿ. ನೋವು ಹೋಗಿರಂಗಿಲ್ಲ, ಅದಕ್ಕ ಗೊತ್ತಾಗಂಗಿಲ್ಲ ಅಷ್ಟs. ಗೊತ್ತಾಗಲಾರದs ಒಡಕ ಗೊರಸಿನ ಮ್ಯಾಲ ಪೂರಾ ಭಾರ ಹಾಕತೈತಿ. ಆಮ್ಯಾಲ ನನ್ನ ಕಡೆ ತರಬ್ಯಾಡ್ರಿ" ಎಂದರು.

ಆದರೂ ನಾನು ಆ ದಿನವಿಡೀ ಲೆಕ್ಕ ಹಾಕುತ್ತಲೇ ಇದ್ದೆ. ಎರಡೇ ತಾಸು. ದೊಡ್ಡ ಮನೆತನ. ಒಮ್ಮೆ ಅಲ್ಲಿ ಕಾಣಿಸಿಕೊಂಡರೆ ನರಗುಂದದ ಕೆಲಸವೆಲ್ಲ ನಮ್ಮದೇ. ಸಂಜೆ ಬುಟ್ಟಿ ತಂದು ಇಟ್ಟು, ಹಗ್ಗ ಹಿಡಿಯಲು ಮಾಮಾನಿಗೆ ಕಾಯುತ್ತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಬಿಜಲಿ ನೀರು ಮೂಸಿತು. ಆಮೇಲೆ ಯಾರೂ ಹೇಳದೆ ಎಡಗಾಲನ್ನು ತಾನೇ ಎತ್ತಿ ಬುಟ್ಟಿಯೊಳಗೆ ಇಟ್ಟಿತು. ಭಾರವೆಲ್ಲ ಬಿಟ್ಟು, ಉಸಿರು ಬಿಟ್ಟು ನಿಂತಿತು. ಮಾಮಾ ಬರುವ ಹೊತ್ತಿಗೆ ಅರ್ಧ ತಾಸು ಮುಗಿದಿತ್ತು. "ಹಗ್ಗ?" ಎಂದ. ಬೇಡ ಎಂದು ಕೈ ಆಡಿಸಿದೆ. ಇಂಜೆಕ್ಷನ್ನಿಗೂ ಅದೇ ಕೈ ಎಂದು ಅವನಿಗೆ ಮರುದಿನ ತಿಳಿಯಿತು.

ಮರುದಿನ ನರಗುಂದಕ್ಕೆ ಹೋದೆ. ಅಂಗಡಿಯ ಮುಂದೆ ಹೆಸರುಕಾಳಿನ ಚೀಲ ಇಳಿಸುತ್ತಿದ್ದರು. ಸಾಹುಕಾರರು ಒಂದು ಮುಷ್ಟಿ ಕಾಳು ಅಂಗೈಯಲ್ಲಿ ಹರಡಿ ನೋಡುತ್ತಲೇ ನನ್ನ ಮಾತು ಕೇಳಿದರು.

"ಕುದುರಿ ಇಲ್ಲಂದ್ರ ಪೆಂಡಾಲೂ ಬ್ಯಾಡ, ನಿಮ್ಮ ಮೈಕೂ ಬ್ಯಾಡ. ಎಲ್ಲಾ ಒಬ್ಬಾಂವಗs ಕೊಟ್ಟಿದ್ದೆ, ತಲಿನೋವು ಇರಬಾರದಂತ."

"ಹೌದ್ರಿ."

"ಅಲ್ಲೋ, ಸೂಜಿ ಚುಚ್ಚಿ ತಂದು ನಿಲ್ಲಿಸಿದ್ರ ನನಗ ತಿಳೀತಿತ್ತೇನು?"

"ಇಲ್ರಿ."

"ಮತ್ಯಾಕ ಹೇಳಾಕ ಬಂದಿ?"

"ನಡುದಾರ್‍ಯಾಗ ಮದುಮಗನ ಕೆಳಗ ಕುದುರಿ ಕುಂತಿದ್ರ ತಿಳೀತಿತ್ರಿ."

ಅವರು ಕಾಳನ್ನು ಚೀಲಕ್ಕೆ ಸುರಿದು ನನ್ನನ್ನು ಮೊದಲ ಸಲ ನೋಡಿದರು. ಚಹಾ ತರಿಸಿದರು. ಚಹಾ ಕುಡಿಸಿ, ಮೂರೂ ಕೆಲಸ ಬೇರೆಯವರಿಗೇ ಕೊಟ್ಟರು. ಬಸ್ಸಿನಲ್ಲಿ ಕೂತು ಮರಳುವಾಗ ಅವರ ಧ್ವನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಅಷ್ಟು ದಣಿದಿದ್ದೆ.

ಮಾಮಾ ಎಂಟು ದಿನ ಮಾತು ಬಿಟ್ಟ. ಪೆಂಡಾಲು ಗೋದಾಮಿನಲ್ಲೇ ಉಳಿಯಿತು. ಚಾಚಾ ಬಂದು ಅಗಲ ಲಾಳ ಬಡಿದುಹೋದ. ಬಿರುಕು ಒಂದು ಅಕ್ಕಿ ಕಾಳಿನಷ್ಟು ಕೆಳಗೆ ಸರಿದಿತ್ತು, ಅಥವಾ ನನಗೆ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮಾರಿದವನೇ ಮೋಟರ್‌ಸೈಕಲ್ ಮೇಲೆ ಬಂದ. ಸುದ್ದಿ ಮುಟ್ಟಿತ್ತು. ಅವನು ನಾಚಿಕೊಳ್ಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಕುದುರೆಯನ್ನು ಅರ್ಧ ಬೆಲೆಗೆ ತಾನೇ ಒಯ್ಯುತ್ತೇನೆ ಎಂದ. ಒಯ್ದು ಏನು ಮಾಡುತ್ತಾನೆ ಎಂದು ನಮಗೆ ಗೊತ್ತಿತ್ತು. ಹೊಸ ಲಾಳ, ಹೊಸ ಮೇಣ, ಹೊಸ ಹೊಲ, ನಮ್ಮಂಥ ಇನ್ನಿಬ್ಬರು. ಅವನ ಧ್ವನಿ ಕೇಳಿದ ಬಿಜಲಿ ಕೊಟ್ಟಿಗೆಯ ಗೋಡೆಗೆ ಒತ್ತಿ ನಿಂತಿತು. ಅಷ್ಟು ವಾರಗಳ ಕೆಲಸ ಒಂದು ಗಳಿಗೆಯಲ್ಲಿ ಹಿಂದಕ್ಕೆ ಹೋದುದನ್ನು ನಾನು ನೋಡುತ್ತಿದ್ದೆ.

"ಕೊಟ್ಟುಬಿಡು. ಹೋದಷ್ಟ ಹೋತು, ಬಂದಷ್ಟ ಬಂತು" ಎಂದ ಮಾಮಾ.

ಖರೇ ಹೇಳುತ್ತೇನೆ, "ಒಯ್ರಿ" ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕುದುರೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಇನ್ನೂ ನಾಲ್ಕು ತಿಂಗಳು ಬೆಳಿಗ್ಗೆ ಎದ್ದು ಆ ಗೊರಸು ನೋಡುವ ಬಲ ಇರಲಿಲ್ಲ, ಅಷ್ಟೇ. ನಾನು ಸುಮ್ಮನೆ ನಿಂತದ್ದನ್ನು ನೋಡಿ ಮಾರಿದವನಿಗೆ ಧೈರ್ಯ ಬಂತು. ಕಟ್ಟೆಯ ಮೇಲೆ ಕೂತು ಬಿಜಲಿಗೆಂದು ಕಡಲೆ ಹಸನು ಮಾಡುತ್ತಿದ್ದ ಅವ್ವನ ಕಡೆ ತಿರುಗಿದ.

"ಯಕ್ಕಾರ, ನೀವರ ತಿಳಿಸಿ ಹೇಳ್ರಿ. ಇನ್ನ ನಾಕ ತಿಂಗಳ ಇದು ಒಂದ ಕೆಲಸಕ್ಕ ಬರಂಗಿಲ್ಲ, ಬರೇ ತಿಂತೈತಿ. ಇಂಥಾದ್ದನ್ನ ಮನ್ಯಾಗ ಕಟಗೊಂಡು ಏನ ಮಾಡ್ತೀರಿ?"

ಅವ್ವ ಮೊರದಿಂದ ತಲೆ ಎತ್ತಲಿಲ್ಲ. ಗದ್ದದಿಂದ ನನ್ನ ಕಡೆ ತೋರಿಸಿದಳು.

"ಕೆಲಸಕ್ಕ ಬರಲಾರದ್ದನ್ನ ಮನ್ಯಾಗ ಕಟಗೊಂಡು ಮೇಸೂದು ನಮಗೇನ ಹೊಸಾದಲ್ಲಪಾ. ಇಂವಗ ಇಪ್ಪತ್ನಾಕ ವರ್ಷ ಆತು. ಕುದುರಿ ಬಾಯಿ ಮುಚಗೊಂಡರ ಇರತೈತಿ."